ಝೈರಾ ವಸೀಂ: ಮೂರು ಸಿನಿಮಾ, ಒಂದು ವಿದಾಯ ಮತ್ತು ನಮ್ಮ ಮಾತು

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನನ್ನು ಕೇಳಿದ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ನಾನು ಪುಣೆಯ ಒಂದು ಉರ್ದು ಮಾಧ್ಯಮದ ಶಾಲೆಯಲ್ಲಿ ಪಾಠ ಹೇಳೋದು. ಅವತ್ತು ಆಫ್ ಪೀರಿಯಡ್‌ನಲ್ಲಿ ಮಕ್ಕಳು ‘ಸೀಕ್ರೆಟ್ ಸೂಪರ್‌ಸ್ಟಾರ್’ ಬಗ್ಗೆ ಮಾತಾಡ್ತಿದ್ದರು. ಆಕೆ ಎದ್ದು ನಿಂತು, “ಟೀಚರ್, ಝೈರಾ ವಸೀಂ ತನ್ನ ಫೋಟೋನೂ ಹಾಕಬೇಡಿ ಅಂತ ಹೇಳಿದಾರಂತೆ. ಹಾಗಿದ್ದರೆ ಅವರ ಸಿನಿಮಾ ನೋಡೋದು ಗುನಾಹ್ ಆಗುತ್ತಾ?” ಅಂದಳು. ಮುಫ್ತಿ ಸಾಹೇಬರನ್ನು ಕೇಳಬೇಕಾದ ಪ್ರಶ್ನೆ ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ಜಾರಿಕೊಂಡೆ ಕೂಡ. ಆದರೆ ಮನೆಗೆ ಬಂದಮೇಲೂ ಆ ಪ್ರಶ್ನೆ ಬಿಡಲಿಲ್ಲ. ಅವಳು ಕೇಳಿದ್ದು ಫತ್ವಾ ಅಲ್ಲ ಅಂತ ಆಮೇಲೆ ಹೊಳೆಯಿತು. ತಾನು ಮೆಚ್ಚಿದ ಒಂದು ಕೆಲಸವನ್ನು ಮಾಡಿದವರೇ ಬೇಡ ಅಂದಾಗ, ಮೆಚ್ಚಿದವರು ಏನು ಮಾಡಬೇಕು ಅಂತ ಅವಳು ಕೇಳ್ತಿದ್ದಳು.

ಝೈರಾ ವಸೀಂ ಬಗ್ಗೆ ನೀವೂ ಬೇಕಾದಷ್ಟು ಓದಿರುತ್ತೀರಿ. ನಾನು ಓದಿದ್ದರಲ್ಲಿ ಎರಡೇ ಜಾತಿ. ಒಂದು, “ಪಾಪ, ಒಳ್ಳೆ ಪ್ರತಿಭೆ, ಮತಾಂಧರು ಹಾಳು ಮಾಡಿಬಿಟ್ಟರು” ಅನ್ನೋದು. ಇನ್ನೊಂದು ನಮ್ಮವರದು: “ಮಾಶಾ ಅಲ್ಲಾಹ್, ದುನಿಯಾ ಬಿಟ್ಟು ದೀನ್ ಹಿಡಿದಳು, ತೌಬಾಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?” ಮೊದಲನೆಯವರು ಅವರು ಬಿಟ್ಟಿದ್ದಕ್ಕೆ ಅಳ್ತಾರೆ, ಎರಡನೆಯವರು ಬಿಟ್ಟಿದ್ದಕ್ಕೆ ಸಂತೋಷ ಪಡ್ತಾರೆ. ಬಿಟ್ಟಿದ್ದು ಏನನ್ನು ಅಂತ ಕೇಳಿದರೆ ಇಬ್ಬರ ಹತ್ತಿರವೂ ಉತ್ತರ ಇಲ್ಲ. ಆ ಹುಡುಗಿ ತೆರೆಯ ಮೇಲೆ ಏನು ಮಾಡಿದಳು ಅನ್ನೋದರ ಬಗ್ಗೆ ಒಂದು ಸಾಲೂ ಇರೋದಿಲ್ಲ. ಇನ್ನೊಂದು ಗಮನಿಸಿ, ಇಬ್ಬರೂ ‘ಅವಳು’ ಅಂತಲೇ ಬರೆಯೋದು. 2000ದಲ್ಲಿ ಶ್ರೀನಗರದಲ್ಲಿ ಹುಟ್ಟಿದವರಿಗೆ ಈಗ ಇಪ್ಪತ್ತೈದು ದಾಟಿದೆ. ನಾನು ಪಾತ್ರಗಳನ್ನು ಅವಳು ಅಂತಲೂ ಅವರನ್ನು ಅವರು ಅಂತಲೂ ಬರೀತೀನಿ, ಹುಡುಗಿಯಾಗಿದ್ದ ದಿನಗಳ ಮಾತು ಬಂದಾಗ ಕೈ ತಪ್ಪಿದರೆ ಕ್ಷಮಿಸಿ.

ಕೆಲಸದ ಲೆಕ್ಕ ಸಣ್ಣದು. 2016ರ ಡಿಸೆಂಬರ್‌ನಲ್ಲಿ ‘ದಂಗಲ್’, 2017ರ ಅಕ್ಟೋಬರ್‌ನಲ್ಲಿ ‘ಸೀಕ್ರೆಟ್ ಸೂಪರ್‌ಸ್ಟಾರ್’, 2019ರ ಅಕ್ಟೋಬರ್‌ನಲ್ಲಿ ‘ದಿ ಸ್ಕೈ ಈಸ್ ಪಿಂಕ್’. ಮೂರು ವರ್ಷ, ಮೂರು ಸಿನಿಮಾ. ಮೊದಲನೆಯದಕ್ಕೆ ಅತ್ಯುತ್ತಮ ಪೋಷಕ ನಟಿ ಅಂತ ರಾಷ್ಟ್ರಪ್ರಶಸ್ತಿ, ಎರಡನೆಯದಕ್ಕೆ ಫಿಲ್ಮ್‌ಫೇರ್‌ನ ವಿಮರ್ಶಕರ ಪ್ರಶಸ್ತಿ. ಮೂರನೆಯದು ಥಿಯೇಟರಿಗೆ ಬರೋ ಹೊತ್ತಿಗೆ ಅವರು ಅಲ್ಲಿ ಇರಲೇ ಇಲ್ಲ.

‘ದಂಗಲ್’ ನಿತೇಶ್ ತಿವಾರಿಯವರ ಸಿನಿಮಾ. ಆದರೆ ಜನ ಅದನ್ನು ಆಮಿರ್ ಖಾನ್ ಸಿನಿಮಾ ಅಂತಲೇ ನೋಡಿದರು. ಬಾಲಕಿ ಗೀತಾ ಫೋಗಟ್ ಆಗಿ ಝೈರಾ ಮಾಡಿದ ಕೆಲಸ ಇಂಟರ್‌ವಲ್‌ ಹತ್ತಿರವೇ ಮುಗಿಯುತ್ತದೆ, ದೊಡ್ಡ ಗೀತಾ ಆಗಿ ಫಾತಿಮಾ ಸನಾ ಶೇಖ್ ಬರ್ತಾರೆ. ಇನ್ನೊಮ್ಮೆ ನೋಡುವಾಗ ಅಪ್ಪನನ್ನು ಬಿಟ್ಟು ಮಗಳ ಮುಖವನ್ನಷ್ಟೇ ನೋಡಿ. ತಲೆಗೂದಲು ಕತ್ತರಿಸುವಾಗ ಅಳು, ಬೆಳಗಿನ ಜಾವ ಓಡಿಸುವಾಗ ಸಿಟ್ಟು, ಇವು ಯಾರಿಗಾದರೂ ಕಾಣುತ್ತವೆ. ನನಗೆ ದೊಡ್ಡದು ಅನ್ನಿಸೋದು ಅವಳು ಮೊದಲ ಕುಸ್ತಿ ಸೋತ ರಾತ್ರಿ. ಹುಡುಗರಲ್ಲೇ ಗಟ್ಟಿಗನನ್ನು ತಾನೇ ಆರಿಸಿಕೊಂಡು ಸೋತು ಬಂದವಳಿಗೆ ನಿದ್ದೆ ಬರೋದಿಲ್ಲ. ಮುಂದಿನ ದಂಗಲ್ ಯಾವಾಗ ಅಂತ ಅಪ್ಪನನ್ನು ಕೇಳ್ತಾಳೆ. ಅಲ್ಲಿಯ ತನಕ ಕುಸ್ತಿ ಅಪ್ಪನ ಹುಚ್ಚು, ಆ ಒಂದು ಪ್ರಶ್ನೆಯಿಂದ ಅದು ಮಗಳದಾಗುತ್ತದೆ. ಸಿನಿಮಾ ಆಮೇಲೆ ಇದನ್ನು ಮರೆತು ಮತ್ತೆ ಅಪ್ಪನ ಕಡೆಗೇ ಹೋಗುತ್ತದೆ, ಅದು ಬೇರೆ ತಕರಾರು. ಕಾಶ್ಮೀರದ ಹುಡುಗಿ ಹರಿಯಾಣದ ಮಾತು ಕಲಿತು, ಕುಸ್ತಿ ಕಲಿತು, ಕೂದಲು ಕತ್ತರಿಸಿಕೊಂಡು ಮಾಡಿದ ಪಾತ್ರ ಅದು. ಆ ಹೊತ್ತಿಗೆ ಅವರ ಊರಲ್ಲಿ ನಡೀತಿರೋ ಟಾಕೀಸು ಒಂದೂ ಇರಲಿಲ್ಲ. ಶ್ರೀನಗರಕ್ಕೆ ಮಲ್ಟಿಪ್ಲೆಕ್ಸ್ ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ದೇಶವೆಲ್ಲ ನೋಡಿದ ಸಿನಿಮಾವನ್ನು ಅವರ ಓಣಿಯವರು ಟಾಕೀಸಿಗೆ ಹೋಗಿ ನೋಡೋ ಹಾಗಿರಲಿಲ್ಲ.

ಸಿನಿಮಾ ಬಂದು ತಿಂಗಳೂ ಆಗಿರಲಿಲ್ಲ, 2017ರ ಜನವರಿಯಲ್ಲಿ ಎರಡು ಪ್ರಸಂಗ ನಡೆದವು. ಮೊದಲನೆಯದು ಎಲ್ಲರಿಗೂ ನೆನಪಿದೆ. ಝೈರಾ ಆಗಿನ ಮುಖ್ಯಮಂತ್ರಿ ಮೆಹಬೂಬಾ ಮುಫ್ತಿಯವರನ್ನು ಭೇಟಿಯಾದರು, ಫೋಟೋ ಹೊರಬಂತು, ಬೈಗುಳದ ಮಳೆ ಸುರಿಯಿತು. ಅವರು ಕ್ಷಮೆ ಕೇಳಿ ಒಂದು ಬರಹ ಹಾಕಿದರು, ತನ್ನನ್ನು ಮಾದರಿ ಅಂತ ತೋರಿಸಬೇಡಿ ಅಂತ ಬೇಡಿಕೊಂಡರು, ಆಮೇಲೆ ಅದನ್ನೂ ತೆಗೆದರು. ಟೀವಿಯವರು ಇದನ್ನು “ಮೂಲಭೂತವಾದಿಗಳು ಮತ್ತು ಹುಡುಗಿ” ಅಂತ ಹೇಳಿ ಮುಗಿಸಿದರು. ಬೈದವರು ಬೈದದ್ದು ತಪ್ಪೇ, ಹದಿನಾರರ ಮಗುವಿನ ಮೇಲೆ ಹಾಗೆ ಎರಗೋದಕ್ಕೆ ಯಾವ ನೆಪವೂ ಸಾಲದು. ಆದರೆ ಹಿಂದಿನ ವರ್ಷದ ಜುಲೈಯಿಂದ ಕಣಿವೆಯಲ್ಲಿ ಎಷ್ಟು ಮಕ್ಕಳು ಪೆಲ್ಲೆಟ್ ಗುಂಡಿಗೆ ಕಣ್ಣು ಕಳೆದುಕೊಂಡರು, ಎಷ್ಟು ಮನೆಗಳಲ್ಲಿ ಹೆಣ ಬಿತ್ತು ಅನ್ನೋದನ್ನು ಬಿಟ್ಟು ಆ ಸಿಟ್ಟನ್ನು ಓದಿದರೆ ಅರ್ಧ ಸುಳ್ಳಾಗುತ್ತದೆ. ಅವರ ಕ್ಷಮೆಯ ಮಾತಿನಲ್ಲಿ ಆ ತಿಂಗಳುಗಳ ನೆನಪು ಇತ್ತು. ಜನರ ಭಾವನೆ ನನಗೆ ಗೊತ್ತಾಗುತ್ತದೆ ಅನ್ನೋ ಅರ್ಥದ ಮಾತು ಇತ್ತು. ಟೀವಿಗೆ ಅದು ಬೇಕಾಗಿರಲಿಲ್ಲ.

ಎರಡನೇ ಪ್ರಸಂಗ ಕೆಲವರಿಗಷ್ಟೇ ನೆನಪಿದೆ. ನನಗೆ ಅದೇ ಮುಖ್ಯ. ಆಗಿನ ಕೇಂದ್ರ ಕ್ರೀಡಾ ಸಚಿವ ವಿಜಯ್ ಗೋಯಲ್ ಒಂದು ಚಿತ್ರಕಲಾ ಪ್ರದರ್ಶನಕ್ಕೆ ಹೋಗಿ ಅಲ್ಲಿನ ಒಂದು ಚಿತ್ರದ ಫೋಟೋ ಹಾಕಿದರು. ಚಿತ್ರದಲ್ಲಿ ಒಬ್ಬ ಹೆಣ್ಣು ಹಿಜಾಬಿನಲ್ಲಿ, ಇನ್ನೊಬ್ಬಳು ಪಂಜರದಲ್ಲಿ. ಇದು ಝೈರಾ ಕಥೆಯ ಹಾಗೇ ಇದೆ, ನಮ್ಮ ಹೆಣ್ಣುಮಕ್ಕಳು ಪಂಜರ ಒಡೆದು ಬರ್ತಿದ್ದಾರೆ ಅಂತ ಸಚಿವರು ಹೊಗಳಿದರು. ಅವರ ಮಟ್ಟಿಗೆ ಅದು ಬೆಂಬಲವೇ. ಝೈರಾ ಏನು ಉತ್ತರ ಕೊಟ್ಟರು ಗೊತ್ತಾ? ಗೌರವದಿಂದಲೇ, ಸರ್ ಅಂತ ಕರೆದೇ, ನಿಮ್ಮ ಮಾತು ಒಪ್ಪೋದಿಲ್ಲ ಅಂದರು. ಹಿಜಾಬಿನ ಹೆಣ್ಣುಮಕ್ಕಳು ಸುಂದರರು, ಸ್ವತಂತ್ರರು, ಇಂಥ ಅವಮಾನದ ಚಿತ್ರದ ಜೊತೆ ನನ್ನನ್ನು ಸೇರಿಸಬೇಡಿ, ಅದಕ್ಕೂ ನನ್ನ ಕಥೆಗೂ ಸಂಬಂಧವೇ ಇಲ್ಲ ಅಂದರು. ಆಗ ಅವರು ಹಿಜಾಬ್ ಹಾಕ್ತಿರಲಿಲ್ಲ. ಬೈದವರ ಮುಂದೆ ತಲೆ ತಗ್ಗಿಸಿದ ಹುಡುಗಿ ಅದೇ ವಾರದಲ್ಲಿ ಹೊಗಳಿದ ಮಂತ್ರಿಯ ಮುಂದೆ ತಲೆ ಎತ್ತಿದಳು. 2019ರಲ್ಲಿ ಆದದ್ದು ಎಲ್ಲಿಂದಲೋ ದಿಢೀರನೆ ಬಂತು ಅಂತ ಹೇಳುವವರು ಈ ಉತ್ತರವನ್ನು ಓದಿಲ್ಲ ಅಂತಲೇ ನನ್ನ ಅನಿಸಿಕೆ.

ಈಗ ‘ಸೀಕ್ರೆಟ್ ಸೂಪರ್‌ಸ್ಟಾರ್’ಗೆ ಬರ್ತೀನಿ. ಅದ್ವೈತ್ ಚಂದನ್ ನಿರ್ದೇಶನ. ವಡೋದರದ ಇನ್ಸಿಯಾ ಮಲಿಕ್, ಶಾಲೆಗೆ ಹೋಗೋ ಹುಡುಗಿ, ಗಿಟಾರ್ ಹಿಡಿದು ಹಾಡ್ತಾಳೆ. ಅಪ್ಪ ಫಾರೂಖ್ ಹೊಡೆಯೋ ಮನುಷ್ಯ. ಅಮ್ಮ ನಜ್ಮಾ ಚಿನ್ನದ ಸರ ಮಾರಿ ಮಗಳಿಗೆ ಲ್ಯಾಪ್‌ಟಾಪ್ ತಂದುಕೊಡ್ತಾಳೆ. ಮುಖ ಕಂಡರೆ ಅಪ್ಪ ಕೊಂದೇಬಿಡ್ತಾನೆ, ಅದಕ್ಕೆ ಇನ್ಸಿಯಾ ಬುರ್ಖಾ ಹಾಕಿಕೊಂಡು ಹಾಡಿ ಯೂಟ್ಯೂಬ್‌ಗೆ ಹಾಕ್ತಾಳೆ. ಅಮ್ಮನಾಗಿ ಮೆಹೆರ್ ವಿಜ್, ಅಪ್ಪನಾಗಿ ರಾಜ್ ಅರ್ಜುನ್, ಇಬ್ಬರದೂ ಎತ್ತರದ ಕೆಲಸ.

ಈ ಸಿನಿಮಾದ ಮೇಲೆ ನಮ್ಮ ಹಿರಿಯರೊಬ್ಬರ ಸಿಟ್ಟು ಕೇಳಿದ್ದೆ: “ಹೊಡೆಯೋನು ಮುಸಲ್ಮಾನ, ಕಾಪಾಡೋರು ಬೇರೆಯವರು, ಮಾಮೂಲಿ ಕಥೆ.” ಅದರಲ್ಲಿ ಸತ್ಯ ಇದೆ. ಫಾರೂಖ್‌ಗೆ ಒಂದೇ ಒಂದು ಮೆದುವಾದ ಗಳಿಗೆಯನ್ನೂ ಬರೆದವರು ಕೊಟ್ಟಿಲ್ಲ. ಆ ಮನೆಯಲ್ಲಿ ಒಳ್ಳೆಯ ಗಂಡಸು ಅಂದರೆ ಪುಟ್ಟ ತಮ್ಮ ಒಬ್ಬನೇ. ಆದರೆ ಇಂಥ ಮನೆ ನಮ್ಮಲ್ಲಿ ಇಲ್ಲ ಅಂದರೆ ನಾನು ಸುಳ್ಳು ಹೇಳಿದ ಹಾಗೆ. ಶಾಲೆಯಲ್ಲಿ ಕೆಲಸ ಮಾಡುವವರಿಗೆ ಸೋಮವಾರ ಬೆಳಿಗ್ಗೆ ಮಕ್ಕಳ ಮುಖ ನೋಡಿದರೆ ಗೊತ್ತಾಗುತ್ತದೆ. ಎಲ್ಲ ಸಮುದಾಯದ ಮಕ್ಕಳದೂ, ನಮ್ಮದೂ. ಕನ್ನಡದಲ್ಲಿ ಈ ಮನೆಗಳ ಕಥೆಯನ್ನು ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ನಮಗೆ ಎಂದೋ ಹೇಳಿದ್ದಾರೆ. ವ್ಯತ್ಯಾಸ ಒಂದಿದೆ. ಬಾನು ಅವರ ‘ಕರಿ ನಾಗರಗಳು’ ಕಥೆಯಲ್ಲಿ, ಅದರಿಂದ ಬಂದ ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ ಸಿನಿಮಾದಲ್ಲಿ, ಹೆಂಗಸು ನ್ಯಾಯ ಕೇಳೋದು ಮಸೀದಿಗೇ ಹೋಗಿ. ದೀನ್ ನನ್ನದೂ ಹೌದು, ಉತ್ತರ ಕೊಡಿ ಅನ್ನೋ ಹಕ್ಕು ಅದು. ಇನ್ಸಿಯಾಗೆ ಅಂಥ ಜಾಗ ಯಾವುದೂ ಇಲ್ಲ. ಅವಳಿಗೆ ಇರೋದು ಮುಂಬೈಗೆ ಒಂದು ವಿಮಾನದ ಟಿಕೆಟ್ಟು.

ಝೈರಾ ಈ ತೆಳು ಜಾಗವನ್ನು ತುಂಬಿದ್ದು ಹೇಗೆ ನೋಡಿ. ಇನ್ಸಿಯಾ ಸಾಧು ಹುಡುಗಿ ಅಲ್ಲ. ಅಪ್ಪನ ಮೇಲಿನ ಸಿಟ್ಟನ್ನು ಅಮ್ಮನ ಮೇಲೆ ಕಾರುತ್ತಾಳೆ. ನೀನ್ಯಾಕೆ ಸುಮ್ಮನಿದ್ದೀ, ಯಾಕೆ ಬಿಟ್ಟು ಬರೋದಿಲ್ಲ ಅಂತ ಚುಚ್ಚುತ್ತಾಳೆ. ಹೊಡೆತ ತಿಂದವಳ ಮೇಲೆಯೇ ಮಗಳು ರೇಗುವುದು ಎಷ್ಟು ನಿಜ ಅಂತ ಅಂಥ ಮನೆಯಲ್ಲಿ ಬೆಳೆದವರು ಹೇಳ್ತಾರೆ. ಅಪ್ಪ ಬಾಗಿಲಿಗೆ ಬಂದ ಕೂಡಲೇ ಇನ್ಸಿಯಾಳ ದನಿ ಸಣ್ಣದಾಗುತ್ತದೆ, ಭುಜ ಒಳಗೆ ಹೋಗುತ್ತದೆ. ಅದೇ ಹುಡುಗಿ ಶಾಲೆಯ ಗೆಳೆಯ ಚಿಂತನ್ ಮುಂದೆ ರಾಣಿಯ ಹಾಗೆ ಗದರುತ್ತಾಳೆ. ಲ್ಯಾಪ್‌ಟಾಪನ್ನು ಕಿಟಕಿಯಿಂದ ಎಸೆ ಅಂತ ಅಪ್ಪ ಹೇಳಿದಾಗ ಅವಳ ಮುಖದಲ್ಲಿ ಅಳುವಿಗಿಂತ ಮೊದಲು ಬರೋದು ನಾಚಿಕೆ. ತಮ್ಮನ ಎದುರಿಗೆ, ಅಮ್ಮನ ಎದುರಿಗೆ ಸಣ್ಣದಾದ ನಾಚಿಕೆ. ಹದಿನಾರು ಹದಿನೇಳರ ನಟಿಗೆ ಇದು ಯಾರು ಹೇಳಿಕೊಟ್ಟರೋ.

ಇನ್ನು ಬುರ್ಖಾ. ಈ ಸಿನಿಮಾ ತನಗೇ ಅರಿವಿಲ್ಲದೆ ಒಂದು ದೊಡ್ಡ ಮಾತು ಹೇಳಿದೆ ಅಂತ ನನ್ನ ವಾದ. ಬುರ್ಖಾ ಹಾಕಿದ ಹುಡುಗಿಯನ್ನು ಲಕ್ಷಾಂತರ ಜನ ನೋಡ್ತಾರೆ. ಕಪ್ಪೋ ಬಿಳುಪೋ, ದಪ್ಪವೋ ತೆಳುವೋ ಯಾರಿಗೂ ಗೊತ್ತಿಲ್ಲ. ಉಳಿಯೋದು ದನಿ ಮಾತ್ರ. ನಟಿಯ ಮುಖವೇ ಮಾರಾಟದ ಸರಕು ಆಗಿರೋ ಉದ್ಯಮದೊಳಗೆ ಕೂತು ಹೀಗೊಂದು ದೃಶ್ಯ ಬರೆದದ್ದು ಸಣ್ಣ ಮಾತಲ್ಲ. ಆದರೆ ಸಿನಿಮಾಗೆ ತನ್ನ ಮಾತಿನ ಮೇಲೇ ಭರವಸೆ ಇಲ್ಲ. ಕೊನೆಗೆ ಪ್ರಶಸ್ತಿ ಸಮಾರಂಭದ ವೇದಿಕೆ ಮೇಲೆ ಅವಳು ಬುರ್ಖಾ ತೆಗೆಯಲೇಬೇಕು, ಜನ ಎದ್ದು ಚಪ್ಪಾಳೆ ಹೊಡೆಯಲೇಬೇಕು. ನಿಜವಾದ ಸೂಪರ್‌ಸ್ಟಾರ್ ನನ್ನ ಅಮ್ಮ ಅಂತ ಅವಳು ಹೇಳೋ ಮಾತು ಕಣ್ಣಲ್ಲಿ ನೀರು ತರಿಸುತ್ತದೆ, ನನಗೂ ತರಿಸಿತು. ಆ ಮಾತನ್ನು ಬುರ್ಖಾದೊಳಗಿಂದಲೇ ಹೇಳಿದ್ದರೆ ಏನು ಕಡಿಮೆಯಾಗುತ್ತಿತ್ತು? ಅವಳು ಹೆದರುತ್ತಿದ್ದದ್ದು ಅಪ್ಪನಿಗೆ. ಅಪ್ಪನ ಭಯ ಮತ್ತು ಬಟ್ಟೆ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಎಸೆದದ್ದು ಸಿನಿಮಾ ಬರೆದವರು. ಇನ್ನೊಂದು ವಿಷಯ, ಇನ್ಸಿಯಾಳ ಹಾಡಿನ ದನಿ ಝೈರಾ ಅವರದಲ್ಲ, ಮೇಘನಾ ಮಿಶ್ರಾ ಎಂಬ ಗಾಯಕಿಯದು. ದನಿಯ ಕಥೆಯಲ್ಲಿ ದನಿ ಕೊಟ್ಟವಳ ಮುಖ ನಮಗೆ ಕಾಣಲೇ ಇಲ್ಲ. ಆ ಪರದೆ ಬಗ್ಗೆ ಯಾರೂ ಲೇಖನ ಬರೆಯಲಿಲ್ಲ ಬಿಡಿ.

2017ರ ಕೊನೆಗೆ ವಿಮಾನದಲ್ಲಿ ಹಿಂದಿನ ಸೀಟಿನವನು ಕಿರುಕುಳ ಕೊಟ್ಟ ಪ್ರಕರಣ ಆಯಿತು, 2020ರ ಜನವರಿಯಲ್ಲಿ ಮುಂಬೈ ಕೋರ್ಟು ಅವನಿಗೆ ಮೂರು ವರ್ಷ ಶಿಕ್ಷೆ ಕೊಟ್ಟಿತು. 2018ರ ಮೇ ತಿಂಗಳಲ್ಲಿ ತನಗೆ ವರ್ಷಗಳಿಂದ ಖಿನ್ನತೆ ಇದೆ, ಮಾತ್ರೆ ತಗೋತಿದ್ದೀನಿ ಅಂತ ಝೈರಾ ತಾವೇ ಬರೆದರು. ಇವೆರಡನ್ನೂ ಸೇರಿಸಿ “ಅದಕ್ಕೇ ಬಿಟ್ಟರು” ಅಂತ ಲೆಕ್ಕ ಹಾಕುವವರಿದ್ದಾರೆ. ನಾನು ಹಾಕೋದಿಲ್ಲ. ಬಿಟ್ಟಿದ್ದಕ್ಕೆ ಕಾರಣ ಅವರೇ ಪುಟಗಟ್ಟಲೆ ಬರೆದಿಟ್ಟಿರುವಾಗ ನಾವು ಪೊಲೀಸರ ಹಾಗೆ ಬೇರೆ ಕಾರಣ ಹುಡುಕೋದು ಯಾಕೆ?

ಆ ಬರಹ ಬಂದದ್ದು 2019ರ ಜೂನ್ 30ರಂದು. ಆಗ ಅವರಿಗೆ ಹದಿನೆಂಟು. ದಯವಿಟ್ಟು ಅದನ್ನು ಪೂರ್ತಿ ಓದಿ, ನಮ್ಮ ಗ್ರೂಪುಗಳಲ್ಲಿ ತಿರುಗಿದ ನಾಲ್ಕು ಸಾಲು ಸಾಲದು. ಸಿನಿಮಾ ರಂಗದವರು ಕೆಟ್ಟವರು ಅಂತ ಅಲ್ಲಿ ಇಲ್ಲ. ಪ್ರೀತಿ, ಬೆಂಬಲ, ಚಪ್ಪಾಳೆ ಸಿಕ್ಕಿತು ಅಂತಲೇ ಇದೆ. ಆದರೆ ಆ ದಾರಿಯಲ್ಲಿ ತನಗೆ ತಿಳಿಯದ ಹಾಗೆ ಈಮಾನಿನಿಂದ ದೂರ ಹೋಗ್ತಿದ್ದೆ, ಬದುಕಿನಿಂದ ಬರಕತ್ ಹೋಯಿತು, ತಾನು ಮಾಡ್ತಿರೋದು ಸರಿ ಅಂತ ತನ್ನನ್ನೇ ನಂಬಿಸಿಕೊಳ್ಳೋಕೆ ಒದ್ದಾಡಿದೆ ಅಂತ ಇದೆ. ನಾನು ಅಲ್ಲಿ ಸರಿಯಾಗಿ ಹೊಂದಿಕೊಳ್ಳಬಹುದು, ಆದರೆ ಅಲ್ಲಿಯವಳಲ್ಲ ಅನ್ನೋ ಅರ್ಥದ ಮಾತಿದೆ. ಸೋತವರು ಹೀಗೆ ಬರೆಯೋದಿಲ್ಲ, ಹೊಂದಿಕೊಂಡವರೇ ಬರೆಯೋದು.

ಮರುದಿನವೇ ಅವರ ಖಾತೆ ಹ್ಯಾಕ್ ಆಗಿದೆ ಅನ್ನೋ ಸುದ್ದಿ ಹಬ್ಬಿತು. ಇಲ್ಲ, ನಾನೇ ಬರೆದದ್ದು ಅಂತ ಅವರು ಮತ್ತೆ ಹೇಳಬೇಕಾಯಿತು. ನನಗೆ ಬೇಜಾರಾದದ್ದು ಇದಕ್ಕೆ. ಕುಸ್ತಿಯ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಕೊಡುವಾಗ ಅವಳಿಗೆ ಬುದ್ಧಿ ಇತ್ತು, ನಮಾಜಿನ ಮಾತಾಡಿದಾಗ ಯಾರೋ ಹೇಳಿಕೊಟ್ಟಿರಬೇಕು! ಅತ್ತ ನಮ್ಮವರೂ ಏನು ಕಡಿಮೆ? ಆಕೆ ತನ್ನ ಒಳಗಿನ ಒದ್ದಾಟ ಬರೆದರೆ, ನಾವು ಅದನ್ನು ಪಕ್ಕದ ಮನೆ ಹುಡುಗಿಯರ ತಲೆಗೆ ಹೊಡೆಯೋ ಕೋಲು ಮಾಡಿಕೊಂಡೆವು. “ನೋಡು, ಅಷ್ಟು ದೊಡ್ಡ ಸ್ಟಾರೇ ಬಿಟ್ಟಳು, ನಿನಗೇನು ಡ್ಯಾನ್ಸು?” ಅಂತ ಶಾಲೆಯ ವಾರ್ಷಿಕೋತ್ಸವದ ತಾಲೀಮಿನಿಂದ ಒಂದು ಮಗುವನ್ನು ಕರೆದುಕೊಂಡು ಹೋದದ್ದನ್ನು ನಾನೇ ಕಂಡಿದ್ದೀನಿ. ಝೈರಾಗೆ ಐದು ವರ್ಷ ಕೆಲಸ ಮಾಡಿ, ಅನುಭವಿಸಿ, ಯೋಚಿಸಿ ಬಿಡೋ ಅವಕಾಶ ಇತ್ತು. ಆ ಮಗುವಿಗೆ ಐದು ನಿಮಿಷವೂ ಸಿಗಲಿಲ್ಲ.

ಮೂರನೇ ಸಿನಿಮಾ ಆ ಅಕ್ಟೋಬರ್‌ನಲ್ಲಿ ಬಂತು. ‘ದಿ ಸ್ಕೈ ಈಸ್ ಪಿಂಕ್’, ಶೋನಾಲಿ ಬೋಸ್ ನಿರ್ದೇಶನ. ಆಯಿಷಾ ಚೌಧರಿ ಅನ್ನೋ ನಿಜವಾದ ಹುಡುಗಿಯ ಕಥೆ, ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿ, ಆಮೇಲೆ ಶ್ವಾಸಕೋಶದ ಕಾಯಿಲೆಯಿಂದ ಹದಿನೆಂಟಕ್ಕೆ ತೀರಿಕೊಂಡವಳು. ಪ್ರಿಯಾಂಕಾ ಚೋಪ್ರಾ, ಫರ್ಹಾನ್ ಅಖ್ತರ್ ಅಪ್ಪ ಅಮ್ಮ. ಕಥೆ ಹೇಳೋದು ಸತ್ತ ಆಯಿಷಾ. ನಾನು ಸತ್ತಿದ್ದೀನಿ, ಅದಕ್ಕೇನು ಮಾಡೋದು ಅನ್ನೋ ಧಾಟಿಯಲ್ಲಿ ನಗಿಸ್ತಾ ಹೇಳ್ತಾಳೆ. ಸಿನಿಮಾ ಅಲ್ಲಲ್ಲಿ ಎಳೆಯುತ್ತದೆ, ಅಪ್ಪ ಅಮ್ಮನ ಪ್ರೇಮಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಜಾಗ. ಆದರೆ ಆ ದನಿ! ಕರುಣೆ ಬೇಡದ, ತುಸು ತುಂಟ, ದಣಿದ ದನಿ. ಝೈರಾ ಪ್ರಚಾರಕ್ಕೆ ಬರಲಿಲ್ಲ, ಪೋಸ್ಟರಿನಲ್ಲಿ ಮಾತ್ರ ಇದ್ದರು. ಕಾಶ್ಮೀರದಲ್ಲಿ ಆಗಸ್ಟ್‌ನಿಂದ ಮೊಬೈಲ್, ಇಂಟರ್ನೆಟ್ ಬಂದ್. ಪೋಸ್ಟ್‌ಪೇಯ್ಡ್ ಫೋನ್ ಮತ್ತೆ ಕೂಗಿದ್ದು ಅಕ್ಟೋಬರ್ 14ಕ್ಕೆ, ಸಿನಿಮಾ ಬಂದದ್ದು 11ಕ್ಕೆ. ಆಗಲೇ ಹೊರಟುಹೋದ ನಟಿ, ಆಗಲೇ ಹೊರಟುಹೋದ ಹುಡುಗಿಯ ದನಿಯಲ್ಲಿ ಮಾತಾಡೋದನ್ನು ಕೇಳ್ತಾ ನಾನು ಪುಣೆಯ ಅರ್ಧ ಖಾಲಿ ಥಿಯೇಟರಿನಲ್ಲಿ ಕೂತಿದ್ದೆ. ಮೂರರಲ್ಲಿ ನನಗೆ ಹೆಚ್ಚು ಇಷ್ಟವಾದ ಅಭಿನಯ ಇದೇ.

2020ರ ನವೆಂಬರ್‌ನಲ್ಲಿ ಅವರು ಅಭಿಮಾನಿಗಳ ಪುಟಗಳಿಗೆ ತಮ್ಮ ಫೋಟೋ ತೆಗೆಯಿರಿ ಅಂತ ವಿನಂತಿ ಮಾಡಿದರು. ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. ಅದಕ್ಕೂ ಮೊದಲು ನಮ್ಮ ಊರಿನ ಮಾತು ಒಂದಿದೆ.

ನಿಮಗೆ ನೆನಪಿದೆ, 2021ರ ಕೊನೆಗೆ ಉಡುಪಿಯ ಪಿಯು ಕಾಲೇಜಿನಿಂದ ಶುರುವಾದದ್ದು 2022ರ ಫೆಬ್ರವರಿ 5ರ ಸರ್ಕಾರಿ ಆದೇಶದಿಂದ ಇಡೀ ಕರ್ನಾಟಕಕ್ಕೆ ಹರಡಿತು. ಮಾರ್ಚ್ 15ಕ್ಕೆ ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ಬಿಜಾಪುರದ ಕಡೆ ಇರೋ ನನ್ನ ಖಾಲಾನ ಮೊಮ್ಮಗಳು ಆಗ ಸೆಕೆಂಡ್ ಪಿಯುಸಿ. ಗೇಟಿನ ಹತ್ತಿರ ಹಿಜಾಬ್ ತೆಗೆದು ಬ್ಯಾಗಿನಲ್ಲಿ ಇಟ್ಟು ಒಳಗೆ ಹೋದಳು. ಅವಳ ಗೆಳತಿ ವಾಪಸ್ಸು ಹೋದಳು, ಪರೀಕ್ಷೆಗೆ ಕೂರಲಿಲ್ಲ. ಇಬ್ಬರೂ ಈಗಲೂ ಮಾತಾಡೋದಿಲ್ಲ ಅಂತ ಖಾಲಾ ಹೇಳ್ತಿರ್ತಾರೆ. ಆ ಫೆಬ್ರವರಿಯಲ್ಲಿ ಝೈರಾ ಬಹುಕಾಲದ ಮೌನ ಮುರಿದು ಬರೆದರು. ಹಿಜಾಬ್ ಆಯ್ಕೆ ಅಲ್ಲ, ಅಲ್ಲಾಹ್‌ನಿಗೆ ಸಲ್ಲಿಸುವ ಕರ್ತವ್ಯ. ಓದು ಬೇಕೋ ಹಿಜಾಬ್ ಬೇಕೋ ಅಂತ ಹೆಣ್ಣುಮಕ್ಕಳನ್ನು ನಿಲ್ಲಿಸೋದು ಅನ್ಯಾಯ ಅಂದರು. ಮುಂದಿನ ವರ್ಷ ನಿಖಾಬ್ ಎತ್ತಿ ಊಟ ಮಾಡೋ ಹೆಂಗಸೊಬ್ಬರ ಫೋಟೋ ಹಾಕಿ ಯಾರೋ ಆಡಿಕೊಂಡಾಗ, ನಾನೂ ಈಗಷ್ಟೇ ಮದುವೆಮನೆಯಲ್ಲಿ ಹೀಗೇ ಉಂಡು ಬಂದೆ, ಸುತ್ತಲಿದ್ದವರು ತೆಗಿ ತೆಗಿ ಅಂದರೂ ತೆಗೆಯಲಿಲ್ಲ, ಇದು ನನ್ನದೇ ಆಯ್ಕೆ ಅಂದರು.

ಒಮ್ಮೆ ಆಯ್ಕೆ ಅಲ್ಲ, ಒಮ್ಮೆ ಆಯ್ಕೆ. ತಪ್ಪು ಹಿಡಿಯೋದು ಸುಲಭ. ನಾನು ಅದನ್ನು ಹೀಗೆ ಓದ್ತೀನಿ: ದೇವರ ಮುಂದೆ ಅದು ಕರ್ತವ್ಯ, ಊಟದ ತಟ್ಟೆಗೆ ಕಣ್ಣು ಹಾಕೋ ಅಪರಿಚಿತರ ಮುಂದೆ ಅದು ಆಯ್ಕೆ. ಎರಡು ಮಾತಿಗೆ ಕೇಳುವವರು ಬೇರೆ. ಆದರೆ ಖಾಲಾನ ಮೊಮ್ಮಗಳನ್ನು ನೆನೆದಾಗ ಮೊದಲನೇ ಮಾತು ನನಗೆ ಸ್ವಲ್ಪ ಭಾರ ಅನ್ನಿಸುತ್ತದೆ. ಅವಳು ಗೇಟಿನಲ್ಲಿ ಮಾಡಿದ್ದಕ್ಕೆ ಆ ಸಾಲಿನಲ್ಲಿ ಜಾಗ ಕಾಣಲಿಲ್ಲ. ಇದನ್ನು ಝೈರಾ ಅವರ ಮೇಲಿನ ಗೌರವ ಇಟ್ಟುಕೊಂಡೇ ಹೇಳ್ತಿದ್ದೀನಿ.

ಆ ಹುಡುಗಿಗೆ ಕೊನೆಗೆ ನಾನು ಏನು ಹೇಳಿದೆ ಅಂತೀರಾ? ಫೋಟೋ ಹಂಚಬೇಡ, ಅದು ಅವರು ಬಾಯಿಬಿಟ್ಟು ಕೇಳಿದ್ದು. ಸಿನಿಮಾ ಅವರೊಬ್ಬರದೇ ಅಲ್ಲ, ಅಮ್ಮನಾದವರದು, ಬರೆದವರದು, ಹಾಡಿದವರದೂ ಹೌದು. ನೋಡಿದ್ದೀ ಅಂದರೆ ಏನು ನೋಡಿದೆ ಅಂತ ಒಂದು ಪುಟ ಬರೆದು ತಾ ಅಂದೆ. ಅವಳು ಬರೆದು ತಂದಳು, ಉರ್ದುವಿನಲ್ಲಿ, ಒಂದೂವರೆ ಪುಟ. ಅದರಲ್ಲಿ ಬುರ್ಖಾ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಎಲ್ಲಾ ಲ್ಯಾಪ್‌ಟಾಪ್ ಬಗ್ಗೆಯೇ, ಅಮ್ಮ ಮಾರಿದ ಸರದ ಬಗ್ಗೆಯೇ.

2025ರ ಅಕ್ಟೋಬರ್‌ನಲ್ಲಿ ಝೈರಾ ತಮ್ಮ ನಿಕಾಹ್ ಆದದ್ದನ್ನು ತಿಳಿಸಿ ಎರಡು ಚಿತ್ರ ಹಾಕಿದರು. ಒಂದರಲ್ಲಿ ಸಹಿ ಮಾಡೋ ಮೆಹಂದಿ ಕೈ, ಇನ್ನೊಂದರಲ್ಲಿ ದಂಪತಿಯ ಬೆನ್ನು, ಮುಖ ಇಲ್ಲ. ಸಂಜೆಯೊಳಗೆ ನಮ್ಮ ಕುಟುಂಬದ ಗ್ರೂಪಿನಲ್ಲಿ ಯಾರೋ ಆ ಬೆನ್ನಿನ ಚಿತ್ರದ ಪಕ್ಕಕ್ಕೆ ‘ದಂಗಲ್’ನ ಕುಸ್ತಿಯ ಫೋಟೋ ಅಂಟಿಸಿ, ಮಧ್ಯೆ ಒಂದು ಬಾಣದ ಗುರುತು ಹಾಕಿ, “ಮಾಶಾ ಅಲ್ಲಾಹ್” ಅಂತ ಬರೆದಿದ್ದರು. ಈ ಹಳೆ ಫೋಟೋ ತೆಗೆಯಿರಿ ಅಂತ ಅವರೇ ಕೇಳಿಕೊಂಡಿದ್ದಾರೆ, ಡಿಲೀಟ್ ಮಾಡಿ ಅಂತ ನಾನು ಬರೆದೆ. ನಲವತ್ತು ಜನ ಓದಿದರು, ಯಾರೂ ಉತ್ತರ ಕೊಡಲಿಲ್ಲ. ಫೋಟೋ ಇನ್ನೂ ಅಲ್ಲೇ ಇದೆ.